ಕಿಟಕಿಯಾಚೆಯ ಬೂದು ಗೋಡೆ

“ನನ್ನ ಮೇಜು ಎಲ್ಲಿ?”

ಹೆಲ್ಮೆಟ್ ಕೂಡ ತೆಗೆಯದೆ ಪದ್ಮಶ್ರೀ ಕೇಳಿದಳು. ಯಾರನ್ನು ಕೇಳುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಕಿಟಕಿಯ ಪಕ್ಕ ತನ್ನ ಮೇಜು ಇರಬೇಕಾದ ಜಾಗದಲ್ಲಿ ಕುಂಡದ ಗಿಡವೊಂದು ನಿಂತಿತ್ತು. ಗಿಡದ ಪಕ್ಕ ಯಾರೋ ಅಪರಿಚಿತ ನಿಂತಿದ್ದ.

“ಅಲ್ಲಿದೆ ನೋಡಿ ಮೇಡಂ,” ಎಂದು ಅವನು ನಗುತ್ತ ಕೋಣೆಯ ನಟ್ಟನಡುವೆ ಕೈ ತೋರಿಸಿದ.

ಅವಳು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಹಲ್ಲನ್ನು. ತಪ್ಪು ಅವಳದಲ್ಲ, ಕಸುಬಿನದು. ಆರ್.ಟಿ. ನಗರದ ಆ ಡೆಂಟಲ್ ಲ್ಯಾಬಿಗೆ ಸುತ್ತಲಿನ ಡಾಕ್ಟರುಗಳು ಮುರಿದ ಹಲ್ಲಿನ ಅಚ್ಚು ಕಳಿಸುತ್ತಿದ್ದರು. ಇಲ್ಲಿಂದ ಪಿಂಗಾಣಿ ಕ್ಯಾಪ್ ತಯಾರಾಗಿ ಹೋಗುತ್ತಿತ್ತು. ಪಕ್ಕದ ಹಲ್ಲಿಗೂ ಕ್ಯಾಪಿಗೂ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಕಾಣದ ಹಾಗೆ ಮಾಡುವವಳು ಪದ್ಮಶ್ರೀ. ಕಷ್ಟದ ಕೇಸಾದರೆ ರೋಗಿಯನ್ನೇ ಲ್ಯಾಬಿಗೆ ಕಳಿಸುತ್ತಿದ್ದರು. ಅವಳು ಒಮ್ಮೆ ನೋಡಿದರೆ ಮುಗಿಯಿತು.

ಹಲ್ಲಿನ ಬಣ್ಣಗಳಿಗೂ ಅವರಲ್ಲಿ ಹೆಸರಿದೆ. ‘ಎ-ತ್ರೀ’ ಎಂದಿತು ಅವಳ ಮನಸ್ಸು. ‘ಕೆಳಗಿನ ಸಾಲಲ್ಲಿ ಸ್ವಲ್ಪ ಕಾಫಿ ಕಲೆ. ಹಲ್ಲೇನೋ ಚೆನ್ನಾಗಿದೆ... ಆದರೆ ನಗೋ ಹೊತ್ತಾ ಇದು?’

“ನಾನು ಬಸವಕಿರಣ. ಹೊಸ ಮ್ಯಾನೇಜರ್. ಇಷ್ಟು ವರ್ಷ ನೀವು ಆ ಸಿಮೆಂಟ್ ಗೋಡೆ ನೋಡ್ಕೊಂಡು ಕೂತಿದ್ರಂತೆ. ನನಗೇ ಬೇಜಾರಾಯ್ತು. ಇಲ್ಲಾದ್ರೆ ಎಲ್ಲರ ಮಧ್ಯೆ ಇರ್ತೀರ, ನಾಲ್ಕು ಜನ ಸುತ್ತ ಕೂತು ಕಲೀಬಹುದು. ಲೈಟೂ ಒಳ್ಳೇದು ಹಾಕ್ಸಿದೀನಿ.”

ಪದ್ಮಶ್ರೀ ತಿರುಗಿ ನೋಡಿದಳು. ಅವಳ ಮೇಜಿನ ಮುಂದಿನ ಗೋಡೆಗೆ ಕಣ್ಣಿಗೆ ರಾಚುವ ಕಿತ್ತಳೆ ಬಣ್ಣ ಬಳಿದಿದ್ದರು. ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಗೊತ್ತಿದ್ದನ್ನು ಹಂಚೋಣ’ ಎಂದು ಬರೆದಿತ್ತು.

“ಪ್ರತಿ ಬುಧವಾರ ಟೀ ಹೊತ್ತಲ್ಲಿ ಒಬ್ಬೊಬ್ಬರು ಒಂದೊಂದು ವಿಷಯ ಹೇಳ್ಕೊಡೋದು ಅಂತ ಮಾಡಿದೀವಿ. ಮೊದಲನೇ ಬುಧವಾರ ನಿಮ್ಮದು.”

“ನನ್ನ ಹತ್ರ ಹೇಳ್ಕೊಡೋ ಅಂಥದ್ದು ಏನೂ ಇಲ್ಲ. ಎಲ್ಲಾ ಅಂದಾಜು.”

ಹಾಗೆಂದು ಅವಳು ಹೋಗಿ ಕಿತ್ತಳೆ ಗೋಡೆಯ ಮುಂದೆ ಕೂತಳು. ಅಂದಾಜು ಎಂದದ್ದು ಸುಳ್ಳು.

ಯಾಕೆಂದರೆ ಆ ಹಾಳು ಸಿಮೆಂಟ್ ಗೋಡೆಯೇ ಅವಳ ಗುಟ್ಟು!

ಕಿಟಕಿಯಾಚೆ ಪಕ್ಕದ ಕಟ್ಟಡದವರು ಬಣ್ಣ ಬಳಿಯದೆ ಬಿಟ್ಟ ಬೋಳು ಗೋಡೆ ಅದು. ಬರೀ ಬೂದು. ಹಲ್ಲನ್ನು ನೋಡುತ್ತ ನೋಡುತ್ತ ಕಣ್ಣು ದಣಿಯುತ್ತದೆ; ದಣಿದ ಕಣ್ಣಿಗೆ ಎಲ್ಲ ಬಿಳಿಯೂ ಒಂದೇ. ಆಗ ಪದ್ಮಶ್ರೀ ಆ ಗೋಡೆಯ ಮೇಲೆ ದೃಷ್ಟಿ ಇಡುತ್ತಿದ್ದಳು. ಕಣ್ಣು ತೊಳೆದಂತಾಗುತ್ತಿತ್ತು. ಮತ್ತೆ ಹಲ್ಲಿನತ್ತ ತಿರುಗಿದರೆ ಸತ್ಯ ಕಾಣುತ್ತಿತ್ತು. ‘ಪಾಪ, ಈ ಹುಡುಗಿಗೆ ಎಂಥ ಜಾಗ ಕೊಟ್ಟಿದಾರೆ’ ಎಂದು ಲ್ಯಾಬಿಗೆ ಬಂದವರೆಲ್ಲ ಮರುಗುತ್ತಿದ್ದರು. ಅವಳು ಒಳಗೊಳಗೇ ನಗುತ್ತಿದ್ದಳು.

ಈಗ ಈ ಪುಣ್ಯಾತ್ಮನೂ ಮರುಗಿದ್ದ. ಮರುಗಿ ಸುಮ್ಮನಿರದೆ ಮೇಜನ್ನೇ ಎತ್ತಿಸಿದ್ದ.

ಮೇಜು ವಾಪಸ್ ಬೇಕು ಎಂದರೆ ಯಾಕೆಂದು ಹೇಳಬೇಕು. ಹೇಳಿದರೆ ಗುಟ್ಟು ಹೋಯಿತು. ಹೇಳದಿದ್ದರೆ ಕಣ್ಣು ಹೋಯಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹೇಳಿದರೇನು ಗಂಟು ಹೋಗುತ್ತಿತ್ತು ಎಂದು ನೀವು ಕೇಳಬಹುದು. ಅವಳಿಗೆ ಒಮ್ಮೆ ಹೋಗಿತ್ತು. ಹಿಂದೆ ಯಶವಂತಪುರದ ಒಂದು ಲ್ಯಾಬಿನಲ್ಲಿ ಹೊಸದಾಗಿ ಬಂದವಳೊಬ್ಬಳನ್ನು ತಂಗಿಯಂತೆ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಕಲಿಸಿದ್ದಳು. ಆ ಹುಡುಗಿಯ ಕೈ ಕುದುರಿದ ತಿಂಗಳೇ ಮಾಲೀಕರು, “ಇಬ್ಬರು ಬೇಕಾಗಲ್ಲ ಪದ್ಮಶ್ರೀ, ಬೇಜಾರ್ ಮಾಡ್ಕೋಬೇಡಿ,” ಎಂದಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿದ್ದಳು. ಕಣ್ಣು ತನ್ನದು, ಅದೊಂದನ್ನು ಯಾರೂ ಕಿತ್ತುಕೊಳ್ಳಲಾರರು ಎಂದುಕೊಂಡಿದ್ದಳು.

ಬುಧವಾರಗಳು ಬಂದವು. ಲ್ಯಾಬಿನವರು ಮೊದಮೊದಲು ಗೊಣಗಿದರೂ ಆಮೇಲೆ ಖುಷಿಯಿಂದ ಕೂತರು. ಆರ್.ಟಿ. ನಗರದವಳೇ ಆದ ಮುಸರ್ರತ್, ಕ್ಯಾಪ್ ಬಿಸಿಯಾಗಿ ಬಿರುಕು ಬಿಡದ ಹಾಗೆ ಪಾಲಿಶ್ ಮಾಡುವುದನ್ನು ತೋರಿಸಿದಳು. ಅಚ್ಚು ಎರೆಯುವವರು ಅದರಲ್ಲಿ ಗುಳ್ಳೆ ಬರದಂತೆ ತಟ್ಟುವುದನ್ನು ತೋರಿಸಿದರು. ಪದ್ಮಶ್ರೀ ಮಾತ್ರ ಪ್ರತಿ ಬುಧವಾರ ಒಂದು ನೆಪ ಹೇಳಿದಳು.

“ಅಕ್ಕ, ನೀವು ಹೆಂಗೆ ನೋಡ್ತೀರಾ ಅಂತ ಒಂದ್ಸಲ ಹೇಳಿ ಅಕ್ಕ,” ಎಂದು ಮುಸರ್ರತ್ ಪಕ್ಕ ಬಂದು ಕೂರುತ್ತಿದ್ದಳು.

“ನೋಡ್ತಾ ನೋಡ್ತಾ ಬರುತ್ತೆ ಕಣೇ.”

ಮುಸರ್ರತ್ ಬೇಸರ ತೋರಿಸದೆ ಎದ್ದು ಹೋಗುತ್ತಿದ್ದಳು. ಅದು ಪದ್ಮಶ್ರೀಯನ್ನು ಇನ್ನಷ್ಟು ಚುಚ್ಚುತ್ತಿತ್ತು.

ಅಷ್ಟರಲ್ಲಿ ಕ್ಯಾಪುಗಳು ವಾಪಸ್ ಬರತೊಡಗಿದವು. ಹೆಬ್ಬಾಳದ ಡಾಕ್ಟರು ಬಣ್ಣ ಸ್ವಲ್ಪ ಬೇರೆ ಎಂದರು. ಸಹಕಾರನಗರದವರು ಬಾಯಲ್ಲಿ ಕ್ಯಾಪ್ ಎದ್ದು ಕಾಣುತ್ತೆ ಎಂದರು. ಕಿತ್ತಳೆ ಅವಳ ಕಣ್ಣಿಗೆ ಅಂಟಿಕೊಂಡುಬಿಟ್ಟಿತ್ತು. ಹಲ್ಲಿನೊಳಗಿನ ಹಳದಿಯ ಸಣ್ಣ ಎಳೆಗಳು ಅವಳಿಗೆ ಕಾಣದಾದವು. ಸಂಜೆ ಶೆಟ್ಟಿಹಳ್ಳಿಯ ಮನೆಗೆ ಸ್ಕೂಟರಿನಲ್ಲಿ ಹೋಗುವಾಗ ಬಿ.ಇ.ಎಲ್. ಸರ್ಕಲ್ಲಿನ ಸಿಗ್ನಲ್ ಹಸಿರಾಗಿದ್ದೂ ತಿಳಿಯದೆ ಹಿಂದಿನವರ ಹಾರನ್ ಕೇಳಿ ಬೆಚ್ಚುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಒಂದು ಮಧ್ಯಾಹ್ನ ತಡೆಯಲಾರದೆ ಲ್ಯಾಬಿನ ತಾರಸಿಗೆ ಹೋಗಿ ಸಿಮೆಂಟಿನ ನೀರಿನ ತೊಟ್ಟಿಯನ್ನೇ ನೋಡುತ್ತ ನಿಂತಳು. ಹಿಂದೆ ಹೆಜ್ಜೆ ಸದ್ದಾಯಿತು.

“ನಾನೇನಾದ್ರೂ ತಪ್ಪು ಮಾಡಿದೀನಾ ಮೇಡಂ?” ಬಸವಕಿರಣ ದೂರದಲ್ಲೇ ನಿಂತು ಕೇಳಿದ. “ನಾನು ಬಂದ್ಮೇಲೇ ನಿಮಗೆ ಹಿಂಗಾಗಿರೋದು. ಅದಂತೂ ಗೊತ್ತಾಗ್ತಿದೆ.”

ಅವಳು ತಿರುಗಲಿಲ್ಲ. “ಯಾಕೆ ಸಾರ್ ನಿಮಗೆ ಈ ಹೇಳ್ಕೊಡೋ ಹುಚ್ಚು?”

ಅವನು ತಾರಸಿಯ ಕಟ್ಟೆಗೆ ಒರಗಿದ.

“ಹಿಂದಿನ ಕಂಪನೀಲಿ ಒಂದು ಕೆಲಸ ನನಗೊಬ್ಬನಿಗೇ ಗೊತ್ತಿತ್ತು. ಭಾರಿ ಹೆಮ್ಮೆ ನನಗೆ. ನಾನಿಲ್ದೇ ಇದ್ರೆ ಏನೂ ನಡೆಯಲ್ಲ ಅಂತ. ಅಮ್ಮ ಆಸ್ಪತ್ರೇಲಿದ್ರು. ಆವತ್ತೂ ಆಫೀಸಿಂದ ಫೋನ್. ನಾನು ಹೊರಗೆ ಬಂದು ಕಾರಿಡಾರಲ್ಲಿ ನಿಂತು ಹೇಳ್ತಾ ಇದ್ದೆ, ಆ ಬಟನ್ ಒತ್ತಿ, ಈ ಬಟನ್ ಒತ್ತಿ ಅಂತ... ಒಳಗೆ ಹೋಗೋಷ್ಟರಲ್ಲಿ ಅಮ್ಮ ಇರಲಿಲ್ಲ.”

ಪದ್ಮಶ್ರೀ ಈಗ ತಿರುಗಿದಳು. ಮೊದಲ ಸಲ ಅವಳು ಅವನ ಹಲ್ಲನ್ನಲ್ಲ, ಕಣ್ಣನ್ನು ನೋಡಿದಳು.

“ಯಾರೂ ಹಂಗೆ ಸಿಕ್ಕಾಕ್ಕೋಬಾರ್ದು ಅಂತ ಅಷ್ಟೇ,” ಎಂದು ಅವನು ಮೆಟ್ಟಿಲಿಳಿದು ಹೋದ.

ಅವಳು ಅಲ್ಲೇ ನಿರ್ಧರಿಸಿದಳು. ‘ನಾಳೆ ಹೇಳಿಬಿಡ್ತೀನಿ. ಗೋಡೆಯ ವಿಷಯ, ಎಲ್ಲಾ...’ ಆ ಸಂಜೆ ದಾರಿಯುದ್ದಕ್ಕೂ ಅದೇ ಯೋಚನೆ. ಅವನ ಮುಖ ಬೇರೆ ನಡುನಡುವೆ ಬಂದು ಹೋಗುತ್ತಿತ್ತು. ಬಂದರೆ ಬರಲಿ ಎಂದು ಅವಳೂ ಬಿಟ್ಟಳು.

ಆದರೆ ಮರುದಿನ ಬೆಳಿಗ್ಗೆ ಲ್ಯಾಬಿನ ಮಾಲೀಕ ಅನಂತರಾಜು ಅವಳ ಮೇಜಿನ ಬಳಿ ನಿಂತು, “ಬೇಗ ಮುಸರ್ರತ್‌ಗೆ ಹೇಳ್ಕೊಟ್ಬಿಡಮ್ಮ. ಅವಳ ಸಂಬಳ ನಿನ್ನದರಲ್ಲಿ ಅರ್ಧ,” ಎಂದು ನಕ್ಕರು. ತಮಾಷೆಯೋ ನಿಜವೋ ದೇವರಿಗೇ ಗೊತ್ತು. ಪದ್ಮಶ್ರೀಗೆ ಮಾತ್ರ ಯಶವಂತಪುರದ ಆ ಕೋಣೆ ಕಣ್ಣ ಮುಂದೆ ಬಂತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಇಲ್ಲಿ ಮಜ್ಜಿಗೆಯೂ ಬಿಸಿಯಾಗಿಯೇ ಇತ್ತು.

‘ಓ... ಇದಕ್ಕಾ ಆ ಕಥೆ? ನನ್ನ ಬಾಯಿ ಬಿಡಿಸೋಕಾ?’

ಅವಳು ನೇರವಾಗಿ ಬಸವಕಿರಣನ ಮುಂದೆ ಹೋಗಿ ನಿಂತಳು.

“ಅಮ್ಮನ ಕಥೆ ಚೆನ್ನಾಗಿ ಹೇಳಿದ್ರಿ ಸಾರ್. ಇಲ್ಲಿವರೆಗೆ ಎಷ್ಟು ಜನರ ಬಾಯಿ ಬಿಡಿಸಿದೀರಾ ಅದನ್ನ ಹೇಳಿ?”

ಅವನ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಆಮೇಲೆ, “ಸಾರಿ ಮೇಡಂ,” ಎಂದಷ್ಟೇ ಹೇಳಿ ತಲೆ ತಗ್ಗಿಸಿದ.

ಗೆದ್ದೆ ಎಂದುಕೊಂಡು ಅವಳು ಬಂದು ಕೂತಳು. ಗೆದ್ದವಳು ಆ ದಿನ ಒಂದು ಕ್ಯಾಪನ್ನೂ ಮುಗಿಸಲಿಲ್ಲ.

ಆ ವಾರವೇ ಅವಳಿಗೆ ಮದ್ರಾಸ್ ಐ ಬಂತು. ಎರಡೂ ಕಣ್ಣು ಕೆಂಡದಂತೆ ಕೆಂಪಾಗಿ, ರೆಪ್ಪೆ ಅಂಟಿ, ಬೆಳಕು ಕಂಡರೆ ಚುಚ್ಚುತ್ತಿತ್ತು. ಕಿಟಕಿ ಪರದೆ ಎಳೆದು, ಕಪ್ಪು ಕನ್ನಡಕ ಹಾಕಿ ಮನೆಯಲ್ಲಿ ಕೂತಳು. ಯಾರ ಬಳಿಯೂ ಹಂಚಿಕೊಳ್ಳದೆ ಇಟ್ಟ ಕಣ್ಣು ಈಗ ಅವಳಿಗೂ ಇರಲಿಲ್ಲ!

ಮಧ್ಯಾಹ್ನ ಊಟಕ್ಕೆ ಹಿತಕಿದ ಬೇಳೆ ಸಾರು. ಅವರೆಕಾಯಿಯ ಕಾಲ ಅದು. ಅಜ್ಜಿ ಸೊಣ್ಣಮ್ಮ ಒಂದು ತುತ್ತು ತಿಂದು ತಟ್ಟೆ ಸರಿಸಿದ್ದು ಪದ್ಮಶ್ರೀಗೆ ಸದ್ದಿನಲ್ಲೇ ತಿಳಿಯಿತು.

“ಯಾಕಜ್ಜಿ?”

“ಇದು ನನ್ ಸಾರಲ್ಲ ಕಣಮ್ಮಿ.”

ಒಂದು ಕಾಲಕ್ಕೆ ಶೆಟ್ಟಿಹಳ್ಳಿಯಲ್ಲಿ ಯಾರ ಮನೆಯಲ್ಲಿ ದೇವರ ಕಾರ್ಯ ನಡೆದರೂ ಸಾರಿಗೆ ಸೊಣ್ಣಮ್ಮನೇ ಆಗಬೇಕಿತ್ತು. ಮಸಾಲೆ ರುಬ್ಬುವಾಗ ಸೊಸೆಯರನ್ನು ಅಡುಗೆಮನೆಯಿಂದ ಆಚೆ ಕಳಿಸುತ್ತಿದ್ದಳು. ಈಗ ಅವಳ ಕೈ ನಡುಗುತ್ತದೆ, ನಿಂತು ಮಾಡಲಾಗದು.

“ನಿಮ್ಮವ್ವನ್ನ ಯಾಕೆ ಬಯ್ಯಾನ? ಅವ್ಳಿಗೆ ನಾನ್ ಏಳ್ಕೊಟ್ಟಿದ್ರಲ್ವಾ. ಏಳ್ಕೊಟ್ರೆ ನನ್ ಮಾತು ಯಾರ್ ಕೇಳ್ತಾರೆ ಅಂತ ಇದ್ದೆ. ಈಗ ನೋಡು, ನನ್ ಸಾರು ನನ್ ಬಾಯ್ಗೇ ಇಲ್ದಂಗಾಯ್ತು. ಇಂಗೆ ಆಗ್ತದೆ ಅಂತ ಯಾರ್ ಕಂಡಿದ್ರು.”

ಅಷ್ಟರಲ್ಲಿ ಫೋನ್ ಬಂತು. ಮುಸರ್ರತ್ ಪಿಸುದನಿಯಲ್ಲಿ ಮಾತಾಡುತ್ತಿದ್ದಳು.

“ಅಕ್ಕ, ಒಬ್ಬರು ಮದುಮಗಳು ಬಂದು ಕೂತಿದಾರೆ. ಮುಂದಿನ ಹಲ್ಲು ಮುರಿದಿದೆ. ಭಾನುವಾರ ಮದುವೆ. ನಾನು ಎಷ್ಟು ಸಲ ನೋಡಿದ್ರೂ ಒಂದೊಂದ್ಸಲ ಒಂದೊಂದು ಬಣ್ಣ ಕಾಣ್ತಿದೆ ಅಕ್ಕ.”

“ನಿಮ್ ಸಾರ್ ಯಾಕೆ ಫೋನ್ ಮಾಡ್ಲಿಲ್ಲ?”

“ಅವರು ಬೇಡ ಅಂದ್ರು. ಮಾಲೀಕರು ಮಾಡಿ ಅಂತ ರೇಗಿದ್ರು, ಅದಕ್ಕೂ ಒಪ್ಲಿಲ್ಲ. ಹುಷಾರಿಲ್ದೆ ಮನೇಲಿ ಇರೋರಿಗೆ ಫೋನ್ ಮಾಡೋದು ನನ್ನ ಕೈಲಾಗಲ್ಲ ಸಾರ್, ಕೆಲಸ ಹೋದ್ರೆ ಹೋಗ್ಲಿ ಅಂದ್ರು. ನಾನೇ ಕದ್ದು ಮಾಡ್ತಿದೀನಿ.”

ಪದ್ಮಶ್ರೀ ಗೋಡೆಗೆ ಒರಗಿದಳು.

ಕಾರಿಡಾರಿನಲ್ಲಿ ಫೋನ್ ಹಿಡಿದು ನಿಂತ ಮಗ. ಆ ಕಥೆ ನಿಜ. ಅವನು ಅದನ್ನು ಯಾರ ಬಾಯಿ ಬಿಡಿಸಲೂ ಹೇಳಿರಲಿಲ್ಲ. ಇಂದು ಲ್ಯಾಬಿನ ಹೆಸರು ಹೋಗುವ ಹೊತ್ತಿನಲ್ಲೂ ಅವಳ ಬಾಯಿ ಬಿಡಿಸಲು ಒಪ್ಪಿರಲಿಲ್ಲ. ತಾನು ಅವನಿಗೆ ಏನೆಂದುಬಿಟ್ಟೆ!

ಹೇಳಿದರೆ ಈ ಕೆಲಸವೂ ಹೋಗಬಹುದು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಫೋನ್ ಇಟ್ಟು, ಅಜ್ಜಿಯಿಂದ ನಂಬರ್ ಒತ್ತಿಸಿ, ತಾನೇ ಬಸವಕಿರಣನಿಗೆ ಕರೆ ಮಾಡಿದಳು.

“ಸಾರ್, ಸ್ಪೀಕರ್ ಹಾಕಿ. ಆ ಹುಡುಗೀನ ನನ್ನ ಹಳೇ ಕಿಟಕಿ ಹತ್ರ ಕೂರ್ಸಿ. ಗಿಡ ತೆಗೀರಿ.”

“ಮೇಡಂ, ನೀವು ರೆಸ್ಟ್...”

“ತೆಗೀರಿ ಅಂದೆ.”

ಕುಂಡ ಎಳೆಯುವ ಸದ್ದು ಕೇಳಿತು.

“ಲಿಪ್‌ಸ್ಟಿಕ್ ಒರೆಸ್ಕೊಳ್ಳೋಕೆ ಹೇಳಿ. ನನ್ನ ಡ್ರಾಯರಲ್ಲಿ ಬೂದು ದುಪಟ್ಟಾ ಇದೆ. ಅವರ ಬಟ್ಟೆ ಬಣ್ಣ ಕಾಣದ ಹಾಗೆ ಕತ್ತಿಂದ ಹೊದಿಸಿ. ಮುಸರ್ರತ್, ಹಲ್ಲು ಒದ್ದೆ ಇರ್ಲಿ ಕಣೇ. ಒಣಗಿದ್ರೆ ಬೆಳ್ಳಗೆ ಕಾಣುತ್ತೆ, ಅದೇ ನಿನ್ನ ದಾರಿ ತಪ್ಪಿಸ್ತಿರೋದು. ಈಗ ಒಂದು ಕ್ಷಣ ನೋಡು, ತಕ್ಷಣ ಕಣ್ಣು ತೆಗಿ. ಜಾಸ್ತಿ ಹೊತ್ತು ನೋಡಿದ್ರೆ ಕಣ್ಣು ಸುಳ್ಳು ಹೇಳುತ್ತೆ. ಕಿಟಕಿ ಆಚೆ ಗೋಡೆ ನೋಡು. ಆಮೇಲೆ ಮತ್ತೆ ಹಲ್ಲು.”

ಬಸವಕಿರಣನ ದನಿ ತೀರಾ ಮೆಲ್ಲಗೆ ಬಂತು.

“ಆ ಗೋಡೆ... ನಾನು ಅದರಿಂದಾನೇ ನಿಮ್ಮನ್ನ ಎಬ್ಬಿಸಿದ್ದಾ?”

“ಅದಕ್ಕೆ ಆಮೇಲೆ ಜಗಳ ಆಡೋಣ. ನೀವೂ ನೋಡಿ. ಹಲ್ಲಿನ ತುದಿ ಹೆಂಗಿದೆ? ಬಣ್ಣದ ನಂಬರ್ ಬೇಡ, ಕಂಡದ್ದು ಹೇಳಿ.”

“ಗೊತ್ತಾಗಲ್ಲ ಮೇಡಂ ನನಗೆ.”

“ಗೋಡೆ ನೋಡಿ. ಈಗ ನೋಡಿ.”

“ಹಾಲಿಗೆ... ಒಂದೇ ಒಂದು ತೊಟ್ಟು ಡಿಕಾಕ್ಷನ್ ಬಿದ್ದ ಹಾಗಿದೆ. ಅಂಚಲ್ಲಿ ಮಾತ್ರ ನೀರು ನೀರಾಗಿ, ಸ್ವಲ್ಪ ನೀಲಿ.”

ಕಪ್ಪು ಕನ್ನಡಕದ ಹಿಂದೆ ಪದ್ಮಶ್ರೀಗೆ ಆ ಹಲ್ಲು ಎದುರಿಗಿದ್ದಷ್ಟು ಸ್ಪಷ್ಟವಾಗಿ ಕಂಡಿತು. ತನ್ನ ಕಣ್ಣು ಇನ್ನೊಬ್ಬರ ಬಾಯಲ್ಲಿ ಮಾತಾಗಿ ಬರುವುದನ್ನು ಅವಳು ಇದೇ ಮೊದಲು ಕೇಳಿದ್ದು. ಭಯವಾಗಬೇಕಿತ್ತು. ಆಗಲಿಲ್ಲ.

“ನನಗೂ ಹಂಗೇ ಕಾಣ್ತಿದೆ ಅಕ್ಕ!” ಮುಸರ್ರತ್ ಕೂಗಿದಳು. “ಈಗ ಕಾಣ್ತಿದೆ!”

ಆ ಸಂಜೆ ಪಿಂಗಾಣಿ ಪುಡಿ ಕಲಸುವುದರಿಂದ ಹಿಡಿದು ಕೊನೆಯ ಪದರದವರೆಗೆ ಪದ್ಮಶ್ರೀ ಹೇಳುತ್ತ ಹೋದಳು, ಮುಸರ್ರತ್ ಕಟ್ಟುತ್ತ ಹೋದಳು. ಮದುಮಗಳ ಬಾಯಲ್ಲಿ ಯಾವುದು ಕ್ಯಾಪು, ಯಾವುದು ಹಲ್ಲು ಎಂದು ಡಾಕ್ಟರಿಗೇ ತಿಳಿಯಲಿಲ್ಲವಂತೆ.

ಖುಷಿಪಟ್ಟ ಪದ್ಮಶ್ರೀ ಮರುದಿನದಿಂದ ಮತ್ತೆ ಚಡಪಡಿಸಿದಳು. ಮಾಲೀಕರಿಂದ ಫೋನಿಲ್ಲ. ಬಸವಕಿರಣನಿಂದಲೂ ಇಲ್ಲ. ಅವನು ರಜದಲ್ಲಿದ್ದವರಿಗೆ ಫೋನ್ ಮಾಡುವವನಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಮನಸ್ಸು ಕೇಳಬೇಕಲ್ಲ! ಕಡೆಗೆ ಕಣ್ಣು ತೆರೆಯುವಷ್ಟಾದಾಗ ಅಡುಗೆಮನೆಗೆ ಹೋಗಿ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿದಳು.

“ಈಗ ಹೇಳಜ್ಜಿ. ಏನನ್ನೂ ಮುಚ್ಚಿಡ್ಬಾರ್ದು.”

ಕೆಲಸಕ್ಕೆ ಮರಳಿದ ಬೆಳಿಗ್ಗೆ ಅವಳು ಒಂದೊಂದೇ ಮೆಟ್ಟಿಲು ಎಣಿಸುತ್ತ ಹತ್ತಿದಳು. ‘ಮೇಜು ಮುಸರ್ರತ್‌ಗೆ ಕೊಟ್ಟಿರ್ತಾರೆ. ನನ್ನನ್ನ ಕರೆದು ಕೂರಿಸಿ, ಬೇಜಾರ್ ಮಾಡ್ಕೋಬೇಡ ಅಂತಾರೆ...’

ಬಾಗಿಲು ತಳ್ಳಿದಳು. ಮೇಜು ಕಿಟಕಿಯ ಪಕ್ಕಕ್ಕೆ ಮರಳಿತ್ತು. ಅದರ ಮುಂದೆ ಎರಡು ಕುರ್ಚಿ. ಆ ಕಡೆ ಕಿತ್ತಳೆ ಗೋಡೆ ಅರ್ಧ ಬೂದಾಗಿತ್ತು. ಉಳಿದರ್ಧಕ್ಕೆ ಬಸವಕಿರಣ ತೋಳು ಮಡಚಿ ತಾನೇ ಬಣ್ಣ ಹೊಡೆಯುತ್ತಿದ್ದ. ಕೂದಲಲ್ಲೂ ಬೂದು, ಮೂಗಿನ ಮೇಲೂ ಬೂದು.

ಅನಂತರಾಜು ತಮ್ಮ ಕೋಣೆಯಿಂದ ಬಂದರು.

“ಬಾಮ್ಮ. ನಿಜ ಹೇಳ್ಬಿಡ್ತೀನಿ. ಮುಸರ್ರತ್ ಕಲಿತ್ಳಲ್ಲ, ಇನ್ನು ಇಬ್ಬರು ಯಾಕೆ ಅಂತ ನಾನೇ ಕೇಳ್ದೆ. ಕಲಿಸಿದವರನ್ನ ಕಳಿಸೋದಾದ್ರೆ ನಾನೂ ಹೋಗ್ತೀನಿ ಅಂದ ಈ ಮನುಷ್ಯ. ಇವಳು ಅಕ್ಕ ಇಲ್ದಿದ್ರೆ ಬ್ರಶ್ ಮುಟ್ಟಲ್ಲ ಅಂದ್ಳು. ನಾಳೆಯಿಂದ ಇಬ್ಬರೂ ಕಷ್ಟದ ಕೇಸ್ ಮಾಡಿ. ಡಾಕ್ಟರುಗಳು ಆಗ್ಲೇ ಜಾಸ್ತಿ ಕಳಿಸ್ತಿದಾರೆ. ನನಗೂ ಬುದ್ಧಿ ಬರ್ಬೇಕಲ್ಲ.”

ಮುಸರ್ರತ್ ಓಡಿ ಬಂದು ಅವಳ ಕೈ ಹಿಡಿದಳು. “ಎರಡನೇ ಕುರ್ಚಿ ನಂದು ಅಕ್ಕ.”

“ನಿಂದೇ ಕಣೇ,” ಎಂದು ಪದ್ಮಶ್ರೀ ಆ ಕುರ್ಚಿಯನ್ನು ತನ್ನದರ ಪಕ್ಕಕ್ಕೆ ಎಳೆದಳು. ಯಶವಂತಪುರದಲ್ಲಿ ಅವಳ ಪರವಾಗಿ ಅಂದು ಒಬ್ಬರೂ ಬಾಯಿ ತೆರೆದಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳು ಹಿತಕಿದ ಬೇಳೆ ಸಾರಿನ ಡಬ್ಬಿ ತೆರೆದು ಬಸವಕಿರಣನ ಮುಂದೆ ಇಟ್ಟಳು. ಅವನು ಕೈ ತೊಳೆದು ಬಂದು ಎರಡನೇ ಕುರ್ಚಿಯಲ್ಲಿ ಕೂತ.

“ನಿಮ್ಮ ಅಮ್ಮನ ವಿಷಯದಲ್ಲಿ ನಾನು ಆಡಿದ ಮಾತು...” ಅವಳ ಕಣ್ಣು ಮತ್ತೆ ಕೆಂಪಾಯಿತು. ಈ ಸಲ ಮದ್ರಾಸ್ ಐ ಅಲ್ಲ. “ಅದನ್ನ ವಾಪಸ್ ತಗೊಳ್ಳೋಕಾಗಲ್ಲ ಅಂತ ಗೊತ್ತು. ಆದ್ರೂ ತಪ್ಪಾಯ್ತು.”

“ನಾನೂ ನಿಮ್ಮನ್ನ ಒಂದು ಮಾತು ಕೇಳದೇ ಮೇಜು ಎತ್ತಿಸಿದೆ ಅಲ್ವಾ. ಒಳ್ಳೇದು ಮಾಡ್ತಿದೀನಿ ಅಂದ್ಕೊಂಡು.” ಅವನು ಒಂದು ತುತ್ತು ತಿಂದು ತಲೆಯೆತ್ತಿದ. “ಯಾರು ಮಾಡಿದ್ದು ಇದು?”

“ನಾನು. ಅಜ್ಜಿ ಹೇಳ್ಕೊಟ್ಟಿದ್ದು. ಅಜ್ಜಿ ತಟ್ಟೆ ಖಾಲಿ ಮಾಡಿದ್ರು.”

ಅವನು ಉಂಡು ಮುಗಿಸಿದ. ಆಮೇಲೆ ಅವಳ ಮುಖ ನೋಡಿದ. ಕಿಟಕಿಯಾಚೆಯ ಗೋಡೆ ನೋಡಿದ. ಮತ್ತೆ ಅವಳ ಮುಖ ನೋಡಿದ. ಮತ್ತೆ ಗೋಡೆ.

“ಏನ್ ಮಾಡ್ತಿದೀರಾ?”

“ನೀವೇ ಹೇಳ್ಕೊಟ್ಟಿದ್ದು. ಜಾಸ್ತಿ ಹೊತ್ತು ನೋಡಿದ್ರೆ ಕಣ್ಣು ಸುಳ್ಳು ಹೇಳುತ್ತೆ ಅಂತ. ಅದಕ್ಕೇ ಗೋಡೆ ನೋಡಿ ನೋಡಿ, ಮತ್ತೆ ನೋಡ್ತಿದೀನಿ.”

“ಏನ್ ಕಾಣ್ತು?”

“ಮೊದಲನೇ ದಿನ ಹೆಲ್ಮೆಟ್ ಹಾಕ್ಕೊಂಡು ಬೈಯೋಕೆ ನಿಂತಿದ್ರಲ್ಲ, ಆವತ್ತು ಏನ್ ಅನ್ನಿಸಿತ್ತೋ ಅದೇ. ನೀವು ಮನೇಲಿದ್ದಷ್ಟು ದಿನ ನಾನು ಈ ಕಿಟಕಿ ಹತ್ರ ಬಂದು ನಿಂತಾಗ್ಲೂ ಅದೇ. ನನಗೆ ನೀವು ಬೇಕು ಪದ್ಮಶ್ರೀ. ಎಷ್ಟು ಸಲ ನೋಡಿದ್ರೂ ಬದಲಾಗ್ತಿಲ್ಲ.”

ಅವಳು ಬೂದು ಗೋಡೆಯತ್ತ ತಿರುಗಿ ಕಣ್ಣು ತೊಳೆದುಕೊಂಡಳು. ಆಮೇಲೆ ಮೂಗಿನ ಮೇಲೆ ಬಣ್ಣ ಅಂಟಿದ ಆ ಮುಖವನ್ನು ನೋಡಿದಳು. ವಾರಗಳಿಂದ ಎದೆಯಲ್ಲಿ ಓಡಾಡುತ್ತಿದ್ದ ಚಡಪಡಿಕೆ ಎಲ್ಲೋ ಕೂತುಬಿಟ್ಟಿತ್ತು.

“ನನಗೂ ಬದಲಾಗ್ತಿಲ್ಲ,” ಎಂದಳು ಮೆಲ್ಲಗೆ.

“ಹಂಗಂದ್ರೆ?”

“ಹಂಗಂದ್ರೆ ಬಣ್ಣ ಹೊಂದ್ತು ಅಂತ. ಇದನ್ನ ಮಾತ್ರ ಬುಧವಾರ ಯಾರಿಗೂ ಹೇಳ್ಕೊಡಲ್ಲ.”